ಸ್ವಂತ ಹಣದ ಪುಸ್ತಕ

ಸಿಯಾಲ್ದಾ, ದಕ್ಷಿಣ ಭಾಗ, ಏಳನೇ ಕೌಂಟರು.
ಗಾಜಿನ ತುಂಬ ಸುತ್ತೋಲೆ ಅಂಟಿಸಿದ್ದಾರೆ,
ಕೆಳಗೆ ಅರ್ಧ ಚಂದ್ರದಷ್ಟು ತೂತು.
ಹನ್ನೊಂದು ವರ್ಷದಿಂದ ಈ ಊರನ್ನು ನಾನು
ಕೈಗಳಾಗಿ ಮಾತ್ರ ಬಲ್ಲೆ:
ಸೋಪಿನ ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾದ ಬೆರಳು,
ಮೀನಿನ ಹುರುಪೆ ಅಂಟಿದ ಮಣಿಕಟ್ಟು,
ಐನೂರರ ನೋಟನ್ನು ತುದಿಯಲ್ಲಿ ಹಿಡಿದು
ಬಿಡಲೋ ಬೇಡವೋ ಎನ್ನುವ ಹೆಬ್ಬೆಟ್ಟು.

‘ಚಿಲ್ಲರೆ ಕೊಡಿ’ ಎಂದು ಮೂರು ಭಾಷೆಯಲ್ಲಿ ಬರೆದಿದೆ.
ಯಾರ ಹತ್ತಿರವೂ ಇಲ್ಲ. ನನ್ನ ಹತ್ತಿರವೂ.

ಡ್ಯೂಟಿಗೆ ಕೂರುವ ಮುಂಚೆ
ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು:
ಬಿಕಾಶ್ ಗುಛಾಯಿತ್, ಸ್ವಂತ ಹಣ, ನಲವತ್ತು ರೂಪಾಯಿ.
ರೈಲಿನ ದುಡ್ಡು ಬೇರೆ, ನನ್ನ ದುಡ್ಡು ಬೇರೆ.
ರಾತ್ರಿ ಎಣಿಸುವಾಗ ಕಡಿಮೆ ಬಿದ್ದರೆ ನನ್ನದು,
ಹೆಚ್ಚಾದರೆ ಸರ್ಕಾರದ್ದು.

ಆವತ್ತು ಏಳೂಕಾಲಿನ ಲಕ್ಷ್ಮೀಕಾಂತಪುರ ಲೋಕಲ್‌ಗೆ
ಇನ್ನು ಆರೇ ನಿಮಿಷ.
ತೂತಿನಲ್ಲಿ ಒಂದು ಫೋನು ಬಂತು, ಗಾಜು ಒಡೆದದ್ದು.
ಕ್ಯೂಆರ್ ತೋರಿಸಿದೆ. ಚಕ್ರ ತಿರುಗಿತು.
ತಿರುಗಿತು.
ಹಿಂದಿನವರು ಅವಳ ಅಜ್ಜಿಯವರೆಗೂ ಬೈದರು.
ಅಲ್ಲಿ ‘ಟಿಂಗ್’ ಎಂದಿತು, ಹದಿನೈದು ರೂಪಾಯಿ ಹೋಯಿತು;
ಇಲ್ಲಿ ನನ್ನ ಪರದೆಯ ಮೇಲೆ: ಪಾವತಿ ಬಂದಿಲ್ಲ.

‘ಹೋದದ್ದು ಎಲ್ಲಿಗೆ ಹೋಯಿತು?’ ಕೇಳಿತು ಧ್ವನಿ.
ಆ ಪ್ರಶ್ನೆಗೆ ಇಲಾಖೆಯಲ್ಲಿ ಉತ್ತರವಿಲ್ಲ.
ಏಳು ಕೆಲಸದ ದಿನದಲ್ಲಿ ವಾಪಸು ಬರುತ್ತದೆ, ಅಂದೆ.
‘ಯಾರ ಕೆಲಸದ ದಿನ?
ನನಗೆ ಭಾನುವಾರವೂ ಮೂರು ಮನೆಯ ಪಾತ್ರೆಯಿದೆ.’

ಬಗ್ಗಿ ನೋಡಿದೆ. ಹನ್ನೊಂದು ವರ್ಷದಲ್ಲಿ
ಎಷ್ಟನೆಯ ಸಲವೋ ಲೆಕ್ಕವಿಟ್ಟಿಲ್ಲ, ಬಹಳವಲ್ಲ.
ನಲವತ್ತು ದಾಟಿದ ಹೆಂಗಸು, ಸಿಟ್ಟಿಲ್ಲದ ಮುಖ,
ಬರೀ ಗಡಿಯಾರ ನೋಡುತ್ತಿದ್ದ ಮುಖ.
ಟಿಕೆಟ್ ಹರಿದು ಕೊಟ್ಟೆ.
ಜೇಬಿನಿಂದ ಹದಿನೈದು ತೆಗೆದು ಡ್ರಾಯರಿಗೆ ಹಾಕಿದೆ.
ಪುಸ್ತಕದಲ್ಲಿ ನಲವತ್ತು, ಜೇಬಿನಲ್ಲಿ ಇಪ್ಪತ್ತೈದು:
ತಪಾಸಣೆಯವರು ಬಂದಿದ್ದರೆ
ನಡುವಿನ ಹದಿನೈದಕ್ಕೆ ನಾನೇನು ಹೆಸರಿಡಬೇಕಿತ್ತು?

ಒಳ್ಳೆಯವನೆಂದು ಹೇಳುತ್ತಿಲ್ಲ.
ಅದೇ ಸಂಜೆ ಇನ್ನಿಬ್ಬರಿಗೆ ಹೀಗೇ ಆಯಿತು,
‘ಪಕ್ಕಕ್ಕೆ ಸರಿಯಿರಿ’ ಅಂದೆ.

ಹತ್ತನೆಯ ದಿನ ತೂತಿನಲ್ಲಿ ಸೆರಗಿನ ಗಂಟೊಂದು ಬಿಚ್ಚಿತು.
ಹದಿನೈದು ನಾಣ್ಯ. ಎಲ್ಲ ಸಣ್ಣ ಒಂದು ರೂಪಾಯಿ,
ಈ ಊರಲ್ಲಿ ಯಾವ ಅಂಗಡಿಯವನೂ ಮುಟ್ಟದ ಜಾತಿ.
‘ದುಡ್ಡು ಬಂತಾ?’
‘ಮಗನ ಖಾತೆಗೆ ಬಂತು. ಅವನು ಫೋನಿಗೆ ಹಾಕಿಕೊಂಡ.
ಇದು ನನ್ನದು.’
ಆಮೇಲೆ, ನಾನು ಕೇಳದಿದ್ದರೂ:
‘ಮೊಯ್ನಾ ನಸ್ಕರ್. ಬರೆದುಕೊಳ್ಳಿ, ತೀರಿತು ಅಂತ.’

ಬರೆದುಕೊಳ್ಳಲು ಅಂಥ ಕಾಲಮ್ಮಿಲ್ಲ.

ಹೊರಗೆ ಚಹಾದವನು ನಾಣ್ಯ ನೋಡಿ ನಕ್ಕ:
‘ದಾದಾ, ಇವನ್ನು ನಿಮ್ಮ ಕೌಂಟರಲ್ಲೇ ನಡೆಸಿ.’
ಬಸ್ಸಿನ ಕಂಡಕ್ಟರ್ ನಗಲೂ ಇಲ್ಲ.
ಚಲಾವಣೆಯಲ್ಲಿದ್ದೂ ಚಲಿಸದ ದುಡ್ಡು
ಪ್ಯಾಂಟಿನ ಜೇಬಿಗೆ ಭಾರವಾಗಿ, ನಡೆದಾಗಲೆಲ್ಲ
ಯಾರೋ ಹಿಂದೆ ಬಂದ ಹಾಗೆ ಸದ್ದು ಮಾಡಿತು.

ಈಗ ದಿನಾ ಬರೆಯುತ್ತೇನೆ: ಸ್ವಂತ ಹಣ, ಹದಿನೈದು.
ಮೇಲಿನವರು ಕೇಳಿದರು, ಇದೇನಯ್ಯ, ದಿನವೂ ಅಷ್ಟೇ?
ಖರ್ಚಾಗುವುದಿಲ್ಲ ಸಾರ್, ಅಂದೆ.

ಮೊನ್ನೆ ಒಬ್ಬ ಹುಡುಗ ಅಂಗೈಯಲ್ಲಿ ಎಣಿಸಿ ಎಣಿಸಿ
ಹದಿನಾಲ್ಕಕ್ಕೇ ನಿಂತ. ಮೈಕು ಗಾಡಿಯ ಹೆಸರು ಕೂಗುತ್ತಿತ್ತು.
ನಿನ್ನೆ ಇನ್ನೊಬ್ಬರು, ಗೆಣ್ಣಿಗೆ ಬ್ಯಾಂಡೇಜು.

ಇವತ್ತು ಬರೆದೆ: ಹದಿಮೂರು.