ಎರಡನೆಯ ರೀಲು

ಸೊಸೈಟಿಯ ತಾರಸಿಯಲ್ಲಿ ಬಿಳಿ ಬೆಡ್‌ಶೀಟು,
ಸಾಮಂತ ಎಲ್ಲಿಂದಲೋ ಹೊತ್ತು ತಂದ ಅರವತ್ತರ ದಶಕದ ಇಂಗ್ಲಿಷ್ ಸಿನೆಮಾ.
ನಾಯಕನಿಗೆ ಹೆಚ್ಚುಕಮ್ಮಿ ನನ್ನದೇ ವಯಸ್ಸು.
ಪಾರ್ಟಿಯ ಮೆಟ್ಟಿಲ ಬಳಿ ಒಂದು ಗಳಿಗೆ ನಿಂತು
ಹೊಟ್ಟೆ ಒಳಗೆಳೆದುಕೊಂಡ.

ಕತ್ತಲಲ್ಲಿ
ಪ್ಲಾಸ್ಟಿಕ್ ಕುರ್ಚಿಗಳು ಕಿರುಗುಟ್ಟಿದವು.
ನಾವೂ ಎಳೆದುಕೊಂಡಿದ್ದೆವು:
ಬ್ಯಾಂಕಿನ ದಳವಿ, ಎರಡು ಸ್ಟೆಂಟಿನ ಕರ್ಕೇರ, ನಾನು.
ಯಾರೂ ಯಾರನ್ನೂ ನೋಡಲಿಲ್ಲ.

ರೀಲು ಬದಲಿಸಲು ದೀಪ ಹಾಕಿದಾಗ
ಉಸಿರು ಬಿಟ್ಟ ಸದ್ದು. ಆಮೇಲೆ
ನೀರಿನ ಟ್ಯಾಂಕಿನ ಮಾತು.

ಅವನ ಕತೆ ಏನಾಯಿತೋ, ಕೊನೆತನಕ ಕೂರಲಿಲ್ಲ ನಾನು.
ಇಳಿದು ಬಂದೆ. ಮುಲುಂಡ್ ಪೂರ್ವ, ಮೂರನೆಯ ಮಹಡಿ,
ಕಂತು ಮುಗಿದು ಆರು ವರ್ಷ.
ಸಮುದ್ರ ಕಾಣುತ್ತದೆ ಎಂದಿದ್ದ ಬಿಲ್ಡರು.
ಸುಳ್ಳೇನಲ್ಲ. ಹಗಲಾದರೆ,
ಅಡುಗೆಮನೆಯ ಸ್ಟೂಲು ಹತ್ತಿ ಕತ್ತು ಎಡಕ್ಕೆ ಚಾಚಿದರೆ
ಎರಡು ಟವರುಗಳ ಸಂದಿನಲ್ಲಿ
ಬೆರಳಗಲ ಖಾಡಿ.

ಹತ್ತಿದೆ. ಮಂಡಿ ಲಟಕ್ಕೆಂದಿತು,
ಹೊಟ್ಟೆ ಗೋಡೆಗೆ ತಾಗಿತು.
ಹೊರಗೆ ಬರೀ ಉಪ್ಪಿನಾಗರದ ವಾಸನೆ.
“ಏನ್ರೀ ಈ ಹೊತ್ತಲ್ಲಿ?” ಒಳಗಿಂದ ವನಜ.
“ಬಲ್ಬು,” ಅಂದೆ.
ಬಲ್ಬು ಉರಿಯುತ್ತಲೇ ಇತ್ತು.