ಪರದೆಯಲ್ಲೊಂದು ತೂತು

ಚೌಬಾರಾದ ಬುಡದಲ್ಲಿ ಗಡಿಯಾರ ರಿಪೇರಿಯ ಮುನೀರುದ್ದೀನ್
ನನ್ನ ಝೋರ್ಕಿಯನ್ನು ಅಂಗೈಲಿ ತೂಗಿ
ಮೈಮೇಲೆ ಕೆತ್ತಿದ ರಷ್ಯದ ಅಕ್ಷರಕ್ಕೆ ಉಗುರಾಡಿಸಿದ.
‘ಇದು ಓದ್ಲಿಕ್ಕ ಬರಲ್ಲ. ಸ್ಕ್ರೂ ಮಾತ್ರ
ಎಲ್ಲಾ ಊರಾಗೂ ಒಂದೇ ಕಡಿ ತಿರಗ್ತದ.’

ಹೈದರಾಬಾದಿನ ಗುಜರಿಯಲ್ಲಿ ಕೊಂಡದ್ದು,
ಜೊತೆಗೆ ಒಂದೇ ಎಚ್ಚರಿಕೆ:
ಮೊದಲು ಶಟರ್ ಏರಿಸು, ಆಮೇಲೆ ಸ್ಪೀಡು ಬದಲಿಸು;
ತಪ್ಪಿದರೆ ಒಳಗೇನೋ ಮುರಿಯುತ್ತದೆ.
ಅತ್ತೆಯ ಕೂಡ ಮಾತಾಡುವಾಗಲೂ
ನಾನೀಗ ಹಾಗೇ.

ಮೊದಲ ರೀಲಿನ ಮೂವತ್ತಾರರಲ್ಲೂ
ಎಡಕ್ಕೆ, ಮೇಲೆ, ಒಂದು ಬಿಳಿ ಚುಕ್ಕೆ.
ಪೇರಲ ಮಾರುವವನ ಕಿವಿಗೆ ಲೋಲಕು,
ಕೋಟೆಯ ತೋಪಿನ ಬಾಯಿಗೆ ಕಿಡಿ.
ಒಂಟಿ ಮಿನಾರಿನ ಮದರಸಾಕ್ಕೆ ಮಾತ್ರ
ಎಂದೋ ಉರುಳಿದ ಇನ್ನೊಂದರ ಜಾಗದಲ್ಲಿ,
ಮೋಡದ ಬೂದಿಯೊಳಗೆ,
ಯಾರೋ ಹತ್ತಿ ಹೋಗಿ ಇಟ್ಟಂಥ ದೀಪ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಶಟರಿನ ಬಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದ.
‘ಸೂಜಿಮೊನಿಯಷ್ಟು ಅದ, ನೋಡ್ರಿ.’
ಮಗಳ ಕಪ್ಪು ನೇಲ್‌ಪಾಲಿಶ್, ಒಂದು ಹನಿ.
ಊದಿದ. ಐವತ್ತು ರೂಪಾಯಿ.

ಎರಡನೇ ರೀಲು ಸ್ವಚ್ಛ.
ತೋರಿಸಹೋದೆ. ಒಂದೊಂದೇ ಫೋಟೋ ಸರಿಸುತ್ತ
ಮದರಸಾ ಬಂದಾಗ ಕೈ ತಡೆದ.
‘ಇಲ್ಲೀಗ ಏನೂ ಇಲ್ಲಲ್ರೀ’ ಅಂದ,
ಮುಚ್ಚಿದ್ದು ತಾನಲ್ಲವೆಂಬಂತೆ.
ಆಮೇಲೆ, ಮೆಲ್ಲಗೆ, ‘ಹಳೇದು ಅದನು?’

ಕೊಟ್ಟೆ.
ಗೋಡೆಯ ತುಂಬ ಒಂದೊಂದು ಒಂದೊಂದು ಹೊತ್ತು ತೋರುವ
ಗಡಿಯಾರಗಳ ನಡುವೆ
ಮೊಳೆಗೆ ಜಾಗ ಹುಡುಕುತ್ತಿದ್ದ,
ನಾನು ಹೊರಟಾಗ.