ಕೊಸರು

ಹಾಲಪ್ಪ ರಿಟೈರಾಗುವ ದಿನ ಕೀಲಿ ಕೊಟ್ಟ,
ಗುದ್ದಲಿ, ಪೈಪು, ಕುಡುಗೋಲು ಎಣಿಸಿಕೊಟ್ಟ,
ಹುಲ್ಲು ಕೊಯ್ಯುವ ಮಿಷನ್ನಿನ ಬೆನ್ನು ತಟ್ಟಿ
'ಹಗ್ಗ ಜಗ್ಗಿದ್ರೆ ಸಾಕು, ಓಡ್ತತಿ' ಅಂದ.
ಎಣ್ಣೆಯ ಮಾತು ಎತ್ತಲೇ ಇಲ್ಲ.

ಎರಡು ಮಳೆಗಾಲ ಜಗ್ಗಿದೆ. ಓಡಿತು.
ಮೂರನೆಯದಕ್ಕೆ ಕೆಮ್ಮತೊಡಗಿತು
ಕಾಲೇಜು ಮೈದಾನದ ನಟ್ಟನಡುವೆ, ಪಿಚ್ಚಿನ ಪಕ್ಕ,
ಬೆಳಗಿನ ಮೊದಲ ಬೀಡಿಗೆ ಕೆಮ್ಮುವವರ ಹಾಗೆ.

ಹದಡಿ ರಸ್ತೆಯ ಗ್ಯಾರೇಜಿನ ದಸ್ತಗೀರ
ಕಡ್ಡಿ ಎಳೆದ, ಮೂಸಿದ, ನನ್ನ ಮುಖ ನೋಡಿದ.
'ಏನ್ ಕೊಟ್ರಮ್ಮಾ, ಎಣ್ಣೆ ಬದಲಿಸಿ ಎಷ್ಟ್ ವರ್ಷ ಆತು?'

ಆಫೀಸಿಗೆ ಹೋಗಿ ಎಣ್ಣೆಗೆ ದುಡ್ಡು ಕೇಳಿದೆ.
ರೇವಣಸಿದ್ದಪ್ಪ ಕನ್ನಡಕದ ಮೇಲಿಂದ ನಕ್ಕ:
'ಎಣ್ಣೆಗಾ? ಹಗಲೊತ್ತೇ?'
ಟೈಪಿಸ್ಟ್ ಹುಡುಗಿಯೂ ನಕ್ಕಳು. ನಾನೂ ನಕ್ಕೆ.
ನಗದಿದ್ದರೆ ವೋಚರಿಗೆ ಸಹಿ ಬೀಳುತ್ತಿರಲಿಲ್ಲ.

ಶುಕ್ರವಾರ. ಪಂಪ್‌ಹೌಸಿನ ನೆರಳು.
ಮೊದಲು ಐದು ನಿಮಿಷ ಓಡಿಸು ಅಂದಿದ್ದ ದಸ್ತಗೀರ,
ಬೆಚ್ಚಗಾದ ಎಣ್ಣೆ ಬೇಗ ಇಳಿಯುತ್ತದೆ.
ಆಮೇಲೆ ಪ್ಲಗ್ಗಿನ ವೈರು ಕಿತ್ತು ದೂರ ಇಡು,
ಬ್ಲೇಡು ನಿದ್ದೆಗಣ್ಣಲ್ಲೂ ಕಚ್ಚುತ್ತದೆ.
ಪೆಟ್ರೋಲಿನ ತಿರುಪು ಮುಚ್ಚು.
ಫಿಲ್ಟರು ಆಕಾಶ ನೋಡುವಂತೆ ಮಗ್ಗುಲಾಗಿಸು.

ಮಗ್ಗುಲಾಗಿಸಿದೆ. ಗಬ್ಬದ ಎಮ್ಮೆಯ ಭಾರ.
ಹಳೇ ಬೋಗುಣಿಗೆ ಸದ್ದಿಲ್ಲದೆ ಇಳಿಯಿತು
ಹೆಂಚಿನ ತಳದ ಕಪ್ಪು.
ಬೆರಳಿಗೆ ತಗೊಂಡು ಬಿಸಿಲಿಗೆ ಹಿಡಿದರೆ ಒಳಗೆ ಮಿಣಮಿಣ,
ಅಕ್ಕಸಾಲಿಗರ ಅಂಗಡಿ ಗುಡಿಸಿದ ಧೂಳಿನ ಹಾಗೆ.
ಕಬ್ಬಿಣ ಕಬ್ಬಿಣವನ್ನು ತಿಂದ ಲೆಕ್ಕ ಅದು.
ಹಾಲಪ್ಪ ಕೊಯ್ದ ಹುಲ್ಲೆಲ್ಲ ಮತ್ತೆ ಬೆಳೆಯಿತು,
ಇದು ಬೆಳೆಯುವುದಲ್ಲ.

ಎಣ್ಣೆ ನನಗೇನು ಹೊಸದಲ್ಲ.
ನಮ್ಮವ್ವ ಮಂಡಿಪೇಟೆಯ ಮೂಲೆಯಲ್ಲಿ ಕೂತು
ಶೇಂಗಾ ಎಣ್ಣೆ ಅಳೆದವಳು:
ಪಾವು, ಅಚ್ಚೇರು, ಸೇರು.
ಅಳತೆ ಮುಗಿದ ಮೇಲೆ
ತಂಬಿಗೆ ಹಿಡಿದವರ ಕಣ್ಣು ನೋಡಿ, ಒಂದು ಸುತ್ತು ಕೊಸರು.
'ಕೊಸರಿಲ್ದಿದ್ರೆ ಅದು ಯಾಪಾರಲ್ಲ, ಜಗಳ' ಅನ್ನೋಳು.
ಸಂಜೆ ಅವಳ ಸೆರಗಿನಿಂದಲೇ
ನಾವು ಮೂವರೂ ತಲೆಗೆ ಎಣ್ಣೆ ಒರೆಸಿಕೊಳ್ಳುತ್ತಿದ್ದೆವು.

ಹೊಸ ಎಣ್ಣೆಗೂ ಶೇಂಗಾ ಎಣ್ಣೆಯದೇ ಬಣ್ಣ,
ವಾಸನೆ ಮಾತ್ರ ಯಾರದೋ.
ಆರುನೂರು ಎಂಎಲ್, ಗೆರೆ ನೋಡಿ ಸುರಿದೆ.
ಕಡ್ಡಿ ಅದ್ದಿದೆ, ಬಟ್ಟೆಗೆ ಒರೆಸಿದೆ, ಮತ್ತೆ ಅದ್ದಿದೆ.
ಮೇಲಿನ ಗೆರೆಗೆ ಸರಿಯಾಗಿ ನಿಂತಿತ್ತು.
ಕೈ ನಿಲ್ಲಲಿಲ್ಲ.
ಎರಡು ವರ್ಷ ಉಪವಾಸ ಕೆಡವಿದ್ದೀನಿ, ಪಾಪ,
ಇರಲಿ ಅಂತ ಒಂದು ಸುತ್ತು,
ಅವ್ವನ ಲೆಕ್ಕದಲ್ಲಿ ಇನ್ನೊಂದು.

ವೈರು ಸಿಕ್ಕಿಸಿ ಹಗ್ಗ ಜಗ್ಗಿದೆ.
ಬಂತು ನೋಡಿ ಹೊಗೆ! ಬೆಳ್ಳಗೆ, ದಪ್ಪಗೆ,
ಮಿರ್ಚಿ ಅಂಗಡಿ ಹತ್ತು ಒಟ್ಟಿಗೆ ಒಲೆ ಹಚ್ಚಿದಂತೆ.
ಚೆಂಡು ಹಿಡಿದು ಓಡಿ ಬರುತ್ತಿದ್ದ ಹುಡುಗ ಅಲ್ಲೇ ನಿಂತ,
ಹಾಸ್ಟೆಲಿನ ವಾಚ್‌ಮನ್ನು ಬಕೆಟ್ಟು ತಂದ.
ಫೋನಿನಲ್ಲಿ ದಸ್ತಗೀರ ನಕ್ಕು ನಕ್ಕು ಸುಸ್ತಾಗಿ
'ಅಮ್ಮಾ, ಮಿಷನ್ನು ಗಿರಾಕಿ ಅಲ್ಲ' ಅಂದ.

ದನದ ಆಸ್ಪತ್ರೆಯಿಂದ ತಂದ ದೊಡ್ಡ ಸಿರಿಂಜಿನಲ್ಲಿ
ಕೊಸರನ್ನೆಲ್ಲ ವಾಪಸ್ ಎಳೆದೆ.
ಕೊಟ್ಟದ್ದನ್ನು ಕಿತ್ತುಕೊಳ್ಳುವಾಗ
ಅವ್ವನನ್ನು ನೆನೆಯಲಿಲ್ಲ.

ಭಾನುವಾರ ವಾಕಿಂಗಿಗೆ ಬಂದ ಹಾಲಪ್ಪ
ಕಾಂಪೌಂಡಿನಾಚೆ ನಿಂತು ಕಿವಿಗೊಟ್ಟ.
'ಏನೋ ಮಾಡೀಯಲ್ಲ ಅದಕ್ಕೆ?'
ಕಪ್ಪು ತುಂಬಿದ ನೀರಿನ ಬಾಟಲಿ ತೋರಿಸಿದೆ.
ತುಸು ಹೊತ್ತು ಅದನ್ನೇ ನೋಡಿದ,
ತನ್ನದೇ ಎಕ್ಸ್‌ರೇ ನೋಡುವವನಂತೆ.
ಆಮೇಲೆ ಗಂಟಲು ಸರಿ ಮಾಡಿಕೊಂಡು
'ಮನೀ ಗೇಟು ಕಿರುಗುಟ್ತತಿ, ಸ್ವಲ್ಪ ಕೊಡು' ಅಂದ.
ಕಲ್ಲಿನ ಮೇಲೆ ಯಾರೋ ಬಿಟ್ಟ ಟೀ ಲೋಟ ತಂದು ಹಿಡಿದ.

ಅಳೆದು ಹಾಕಿದೆ.
'ಸಾಕು ಸಾಕು' ಅಂದ.
ಅಂದಮೇಲೂ ಒಂದು ಸುತ್ತು ತಿರುಗಿತು ಕೈ,
ಅವನ ಬಿಳೀ ಪಂಚೆ ನೋಡಿಕೊಂಡೇ.